ಹಾಲಮ್ಮ ಬರೆದ ಚಿತ್ರಗಳು

ಅತ್ತೆ ಆ ಮಾತು ಹೇಳಿದಾಗ ಕಸ್ತೂರಿ ಈರುಳ್ಳಿ ಹೆಚ್ಚುತ್ತ ಕೂತಿದ್ದಳು. ಒಳ್ಳೆಯದೇ ಆಯಿತು, ಕಣ್ಣಲ್ಲಿ ನೀರು ಯಾಕೆ ಅಂತ ಯಾರೂ ಕೇಳುವಂತಿರಲಿಲ್ಲ. ಹೇಳಿದ್ದಾದರೂ ಎಂಥ ದೊಡ್ಡ ಮಾತು? ನಾದಿನಿ ಹಾಲಮ್ಮನನ್ನು ನೋಡಲು ಜಗಳೂರಿನವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಅವರಿಗೆ ಹಾಸಲು ಒಳ್ಳೆಯ ಜಮಖಾನ ಬೇಕೆಂದು ಅತ್ತೆ ಸಿದ್ದಲಿಂಗಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಿದ್ದರು. ಜಮಖಾನದ ಅಡಿಯಲ್ಲಿ, ನುಸಿಗುಳಿಗೆಯ ವಾಸನೆ ಹೊಡೆಯುತ್ತ, ಕಂದು ರಟ್ಟಿನ ಒಂದು ದಪ್ಪ ಪುಸ್ತಕ ಸಿಕ್ಕಿತ್ತು. ಕಸ್ತೂರಿ ಮದುವೆಗೆ ಮುಂಚೆ, ಸೂಳೆಕೆರೆ ಪಕ್ಕದ ತನ್ನ ತವರಿನಲ್ಲಿದ್ದಾಗ, ಬರೆದ ಚಿತ್ರಗಳ ಪುಸ್ತಕ. ಅತ್ತೆ ಅದರ ಧೂಳನ್ನು ಸೆರಗಿನಿಂದ ಒರೆಸಿಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಕಸ್ತೂರಿ, ಇವನ್ನ ನಮ್ಮ ಹಾಲಿ ಬರ್ದಿದ್ದು ಅಂತ ಹೇಳಾನ ಕಣೆ. ನಿಂದೇನು, ಮದುವೆ ಆಗಿ ಹೋತು" ಅಂದರು.

ಬೇಡ ಅನ್ನಬಹುದಿತ್ತು. ಅಂದಿದ್ದರೆ ಏನಾಗುತ್ತಿತ್ತು ಅನ್ನುವುದು ಕಸ್ತೂರಿಗೆ ಗೊತ್ತಿತ್ತು. ಏನೂ ಆಗುತ್ತಿರಲಿಲ್ಲ. ಅತ್ತೆ ಜಗಳಗಂಟಿಯಲ್ಲ, ಸುಮ್ಮನೆ ಪುಸ್ತಕವನ್ನು ಟ್ರಂಕಿಗೆ ಹಾಕಿ ಒಂದು ನಿಟ್ಟುಸಿರು ಬಿಡುತ್ತಿದ್ದರು. ಈ ಸಂಬಂಧವೂ ಮುರಿದುಬಿದ್ದ ದಿನ ಆ ನಿಟ್ಟುಸಿರು ಹೊನ್ನಾಳಿ ಪೇಟೆಯಿಂದ ಹೊಳೆ ದಂಡೆಯವರೆಗೆ ತಾನಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಹಿಂದಿನ ಸಂಬಂಧ ಮುರಿದದ್ದರಲ್ಲಿ ತನ್ನ ಪಾಲೂ ಇತ್ತಲ್ಲ! ಸವಳಂಗದ ಕಡೆಯವರು ಬಂದ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಹೋದವಳನ್ನು ನೋಡಿ ಹಿರಿಯರೊಬ್ಬರು, "ಇವಳೇನ್ರಿ ಹುಡುಗಿ? ಲಕ್ಷಣವಾಗೈತೆ ಬಿಡ್ರಿ" ಅಂದುಬಿಟ್ಟಿದ್ದರು. ಎಲ್ಲರೂ ನಕ್ಕರು. ಒಳಗೆ ತಲೆ ಬಾಚಿಸಿಕೊಳ್ಳುತ್ತ ಕೂತಿದ್ದ ಹಾಲಮ್ಮ ನಗಲಿಲ್ಲ. ಅವರು ಊರಿಗೆ ಹೋಗಿ ಕಾಗದ ಹಾಕುತ್ತೇವೆ ಅಂದರು, ಹಾಕಲಿಲ್ಲ. ಅತ್ತೆ ಆಡಿದ್ದು ಒಂದೇ ಮಾತು, ಅದೂ ಇವತ್ತು ಬೆಳಿಗ್ಗೆ, ಬಲು ಮೆತ್ತಗೆ: "ಇವತ್ತು ನೀನು ಒಳಗೇ ಇರವ್ವ." ಆದರೆ ಕಸ್ತೂರಿಯನ್ನು ಚುಚ್ಚುತ್ತಿದ್ದದ್ದು ಅದಲ್ಲ. ಆ ಮುದುಕನ ಮಾತು ಕೇಳಿ ತನಗೆ ಖುಷಿಯಾಗಿತ್ತು, ಅಡುಗೆಮನೆಗೆ ಬಂದು ಸ್ಟೀಲ್ ತಟ್ಟೆಯ ಬೆನ್ನಿನಲ್ಲಿ ಮುಖ ನೋಡಿಕೊಂಡಿದ್ದಳು. ಛೀ, ಎಂಥ ಜನ್ಮ ಅಂತ ಆಮೇಲೆ ತನ್ನನ್ನು ತಾನೇ ಬೈದುಕೊಂಡಿದ್ದಳು. ಬೈದುಕೊಂಡರೇನು, ಖುಷಿಯಾಗಿದ್ದು ಖುಷಿಯಾಗಿದ್ದೇ.

ಗಂಡ ಬಸವರಾಜಪ್ಪ ನ್ಯಾಮತಿಯ ಸೊಸೈಟಿಯಲ್ಲಿ ಕಾರಕೂನ. ಇವತ್ತು ರಜೆ ಹಾಕಿ, ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆಯುತ್ತಿದ್ದ. ಅವನಾದರೂ ಏನಾದರೂ ಹೇಳಬಹುದು ಅನ್ನುವ ಆಸೆಯಿಂದ ಕಸ್ತೂರಿ ಹೋಗಿ ನಿಂತಳು. "ನೋಡ್ರಿ, ಅತ್ತೆ ನನ್ನ ಪುಸ್ತಕ ಹಾಲಮ್ಮಂದು ಅಂತ ತೋರಿಸ್ತಾರಂತೆ." ಅವನು ಗಲ್ಲ ಉಬ್ಬಿಸಿಕೊಂಡೇ, "ಯಾವ ಪುಸ್ತಕ?" ಅಂದ. ಹೆಣ್ಣು ನೋಡಲು ಬಂದ ದಿನ ಇದೇ ಮನುಷ್ಯ ಕಸ್ತೂರಿಯ ಅಪ್ಪನ ಮನೆಯ ಕಂಬಕ್ಕೆ ಒರಗಿ ಆ ಪುಸ್ತಕದ ಹಾಳೆ ತಿರುವಿದ್ದ. ಬೆರಳಿಗೆ ಎಂಜಲು ಹಚ್ಚದೆ, ಅಂಚನ್ನು ಮಾತ್ರ ಮುಟ್ಟಿ, ಮೆಲ್ಲಗೆ ತಿರುವಿದ್ದ. ಬಾಗಿಲ ಸಂದಿಯಿಂದ ಅದನ್ನು ನೋಡಿ ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದು. ಅಷ್ಟು ನಾಜೂಕಾಗಿ ಹಾಳೆ ಮುಟ್ಟುವವನು ಕೆಟ್ಟವನಾಗಿರಲಾರ ಅಂದುಕೊಂಡಿದ್ದಳು. ಕೆಟ್ಟವನೇನೂ ಅಲ್ಲ, ನಿಜ. "ನಾನು ಚಿತ್ರ ಬರೀತಿದ್ದೆನಲ್ರಿ, ಅದು." "ಓ, ಅದಾ! ಒಂದ್ಸಲ ತೋರಿಸಿ ಒಳಗಿಡಾದು. ಅದಕ್ಕೇನು?" ಅಂದು ಬಸವರಾಜಪ್ಪ ಇನ್ನೊಂದು ಗಲ್ಲ ಉಬ್ಬಿಸಿದ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿದ್ದಲಿಂಗಮ್ಮ ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಗಮನದಿಂದ ಶುರುಮಾಡಿದರು. ಎಲ್ಲವನ್ನೂ ತೋರಿಸಲಾಗದು, ಮದುವೆ ಆಗುವ ಹುಡುಗಿ ಬರೆಯುವಂಥವು ಯಾವುವು, ಬರೆಯಬಾರದಂಥವು ಯಾವುವು ಅಂತ ವಿಂಗಡಿಸಬೇಕು. ಮೊದಲ ಹಾಳೆಗಳಲ್ಲಿ ಗಿಳಿ, ತಾವರೆ, ದ್ರಾಕ್ಷಿ ಗೊಂಚಲು. "ಆಹಾ, ಏನ್ ಚೆಂದ ಐತೆ ನೋಡೆ ಗಿಳಿ! ಮಾತಾಡಂಗೈತೆ." ಕಸ್ತೂರಿಗೆ ನಾಚಿಕೆಯಾಯಿತು. ಚನ್ನಗಿರಿಯಲ್ಲಿ ಲೋಯರ್ ಡ್ರಾಯಿಂಗ್ ಪರೀಕ್ಷೆಗೆ ಕೂತಾಗ ಅಭ್ಯಾಸಕ್ಕೆಂದು ಕ್ಯಾಲೆಂಡರು ನೋಡಿ ನಕಲು ಮಾಡಿದ ಗಿಳಿ ಅದು. ಅಂಥ ಗಿಳಿಯನ್ನು ಅವಳು ಯಾವ ಮರದ ಮೇಲೂ ಕಂಡವಳಲ್ಲ. ಅತ್ತೆ ಹಾಳೆ ಮಗುಚಿದರು. "ಇದೇನೇ ಇದು, ಚಿಲಕ?" "ಹೂಂ ಅತ್ತೆ. ನಮ್ಮ ಹಿತ್ತಲ ಬಾಗಿಲ್ದು." "ಬಾಗಿಲಾಗೇ ಐತಲ್ಲ, ಅದನ್ಯಾಕೆ ಬರೀಬೇಕು?" ಒಳ್ಳೆಯ ಪ್ರಶ್ನೆಯೇ. ಯಾಕೆ ಬರೆದೆ? ಚಿಲಕದ ಎರಡು ತುದಿಗೂ ತುಕ್ಕು, ಮಧ್ಯದಲ್ಲಿ ಮಾತ್ರ, ಎಲ್ಲರ ಕೈ ಬೀಳುವ ಕಡೆ, ಬೆಳ್ಳಿಯ ಹೊಳಪು. ಆ ಹೊಳಪು ಪೆನ್ಸಿಲ್ಲಿಗೆ ಬಗ್ಗುವುದಿಲ್ಲ ಅಂತ ಹಠ ಹಿಡಿದು ಒಂದಿಡೀ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದು, ಒಲೆಯ ಮೇಲಿನ ಹಾಲು ಉಕ್ಕಿ ಅವ್ವ ಕೂಗಾಡಿದ್ದು, ಕೊನೆಗೆ ಹೊಳಪನ್ನು ಬರೆಯಬಾರದು, ಅದರ ಸುತ್ತಲಿನ ಕಪ್ಪನ್ನು ಬರೆಯಬೇಕು ಅಂತ ಹೊಳೆದು ಒಬ್ಬಳೇ ನಕ್ಕಿದ್ದು. ಕಸ್ತೂರಿ ತಲೆಯೆತ್ತಿ ಈ ಮನೆಯ ನಡುಬಾಗಿಲ ಚಿಲಕ ನೋಡಿದಳು. ದಿನಾ ಹಾಕುತ್ತಾಳೆ, ದಿನಾ ತೆಗೆಯುತ್ತಾಳೆ. ಅದು ಹಿತ್ತಾಳೆಯದು ಅಂತ ಅವಳಿಗೆ ಈಗ ಗೊತ್ತಾಯಿತು.

ಅಲ್ಲ, ಇವನ್ನೆಲ್ಲ ಬರೆದ ಆ ಹುಡುಗಿ ಎಷ್ಟನ್ನು ನೋಡಿದ್ದಳಪ್ಪ! ಹಾಳೆ ಹಾಳೆಗೂ ಬೇರೆಯದೇ. ಚನ್ನಗಿರಿ ಬಸ್ಸಿನ ಕಂಡಕ್ಟರನ ಬರೀ ಕೈ, ಬೆರಳ ಸಂದಿಯಲ್ಲಿ ಮಡಿಸಿದ ನೋಟುಗಳು. ಸಂತೇಬೆನ್ನೂರು ಹೊಂಡದ ನಡುವಿನ ಮಂಟಪ, ಅದರ ನೆರಳು ನೀರಿನಲ್ಲಿ ಮುರಿದದ್ದು. ಅಪ್ಪನ ಒಡೆದ ಹಿಮ್ಮಡಿ. ತೂಬಿನ ಹತ್ತಿರ ಸೀರೆ ಮೇಲೆ ಕಟ್ಟಿ ಬಟ್ಟೆ ಒಗೆಯುವ ಹೆಂಗಸರು. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸಿದ್ದು, ಎಮ್ಮೆ ಅದನ್ನು ನೆಕ್ಕುತ್ತಿರುವುದು. ಎಲ್ಲವೂ ಚೆನ್ನಾಗಿದ್ದವು ಅಂತಲ್ಲ. ಕಂಡಕ್ಟರನ ಹೆಬ್ಬೆರಳು ಬದನೆಕಾಯಿಯಾಗಿತ್ತು, ಮಂಟಪ ಒಂದು ಕಡೆಗೆ ವಾಲಿತ್ತು. ಆದರೂ ಒಂದೊಂದು ಹಾಳೆ ತಿರುಗಿದಾಗಲೂ ಕಸ್ತೂರಿಗೆ ಯಾರೋ ತನ್ನ ಹೆಸರು ಹಿಡಿದು ಕೂಗಿದಂತಾಗುತ್ತಿತ್ತು, ಓಗೊಡಲು ಬಾಯಿ ಬರುತ್ತಿರಲಿಲ್ಲ. ಅತ್ತೆ ಮಾತ್ರ ತೀರ್ಪು ಕೊಡುತ್ತಲೇ ಇದ್ದರು. "ಹೊಂಡ ಇರ್ಲಿ, ದೇವಸ್ಥಾನದಂಗೆ ಕಾಣ್ತದೆ. ಚಿಲಕ ತೆಗಿ. ಕಾಲು ತೆಗಿ, ಕಾಲು ಯಾರಾದ್ರೂ ಬರೀತಾರಾ? ಕರು ಬ್ಯಾಡವೇ ಬ್ಯಾಡ, ಶುಭಕಾರ್ಯದಾಗೆ ಸತ್ತ ಕರು! ಒಗೆಯೋರ ತೊಡೆ ಕಾಣ್ತವೆ, ಹರಿ." ಹರಿಯುವುದು ಬೇಡ, ಪಕ್ಕದ ಹಾಳೆಯೂ ಸಡಿಲವಾಗುತ್ತದೆ ಅಂತ ಕಸ್ತೂರಿಯೇ ಎದ್ದು ಗಂಡ ಗಡ್ಡ ಹೆರೆದಿಟ್ಟ ಬ್ಲೇಡು ತಂದಳು. ಅಷ್ಟರ ಮಟ್ಟಿಗೆ ತಾನೂ ಕೈಜೋಡಿಸಿದ್ದೆ ಅನ್ನುವುದು ಆಮೇಲೆ ಎಷ್ಟೋ ಹೊತ್ತು ಅವಳನ್ನು ಕೊರೆಯಿತು.

ಮೀನಿನ ಹಾಳೆ ಬಂದಾಗ ಅತ್ತೆ ಪುಸ್ತಕವನ್ನೇ ದೂರ ಸರಿಸಿದರು. ಸೂಳೆಕೆರೆಯ ಏರಿಯ ಮೇಲೆ ಬುಟ್ಟಿ ತುಂಬ ಮೀನು, ಪಕ್ಕದಲ್ಲಿ ಬರಿಮೈಯಲ್ಲಿ ಬೋರಲು ಮಲಗಿದ ಬೆಸ್ತ. ಅವನ ಬೆನ್ನಿನ ಹುರಿ ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಗೆರೆಯಲ್ಲಿ ಬಂದಿತ್ತು. ಒಂದೇ ಗೆರೆ, ರಬ್ಬರು ಮುಟ್ಟಿಸದೆ! ಅದನ್ನು ಎಳೆದ ಗಳಿಗೆ ಈಗಲೂ ಕಸ್ತೂರಿಯ ಮೊಣಕೈಯಲ್ಲಿತ್ತು. "ಶಿವ ಶಿವಾ! ಲಿಂಗ ಕಟ್ಟಿದ ಮನೆಯಾಗೆ ಮೀನಾ? ಜಗಳೂರಿನೋರು ಕೇಳ್ತಾರೆ, ನಿಮ್ಮ ಹುಡುಗಿ ಇಷ್ಟು ಹತ್ರದಿಂದ ಮೀನು ಎಲ್ಲಿ ನೋಡಿದ್ಲು ಅಂತ. ಅದರ ಪಕ್ಕದಾಗೆ ಈ ಗಂಡ್ಸು ಬ್ಯಾರೆ." ಅತ್ತೆ ದನಿ ತಗ್ಗಿಸಿ, "ನಿನ್ನ ನೋಡಾಕೆ ಬಂದಾಗ ಇದಿತ್ತೇನೆ?" ಅಂದರು. "ಇತ್ತು ಅತ್ತೆ. ಅಪ್ಪ ಎರಡು ಹಾಳೆ ಸೇರಿಸಿ ಅಂಟು ಹಾಕಿದ್ರು. ಆಮೇಲೆ ನಾನು ಬಿಡಿಸ್ಕಂಡೆ." ಸಿದ್ದಲಿಂಗಮ್ಮ ಗಹಗಹಿಸಿ ನಕ್ಕುಬಿಟ್ಟರು. "ನಿಮ್ಮಪ್ಪ ಭಾರೀ ಪಾಕಡಾ ಇದ್ದ ಬಿಡು!" ಕಸ್ತೂರಿಗೂ ನಗು ಬಂತು. ಅತ್ತೆ ಸೊಸೆ ಇಬ್ಬರೂ ತೊಡೆಗೆ ತೊಡೆ ತಾಗಿಸಿ ಕೂತು ನಕ್ಕರು. ಈ ಅತ್ತೆಯನ್ನು ದ್ವೇಷಿಸುವುದಕ್ಕೂ ಆಗುವುದಿಲ್ಲವಲ್ಲ ಅಂತ ಕಸ್ತೂರಿ ನಗುತ್ತಲೇ ಸಂಕಟಪಟ್ಟಳು. ಟೈಫಾಯ್ಡ್ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಹಾಕಿದ ಕೈ ಇದು. ಹೊಡೆದಿದ್ದರೆ, ಬೈದಿದ್ದರೆ, ಪೆನ್ಸಿಲು ಮುರಿದು ಒಲೆಗೆ ಹಾಕಿದ್ದರೆ ಎಷ್ಟು ಸುಲಭವಿತ್ತು! ಯಾರೂ ಏನೂ ಮಾಡಿರಲಿಲ್ಲ. ಬರೆಯಬೇಡ ಅಂತ ಈ ಮನೆಯಲ್ಲಿ ಒಬ್ಬರೂ ಹೇಳಿರಲಿಲ್ಲ. ಮದುವೆಯ ಹೊಸತರಲ್ಲಿ ನಾಳೆ ಬರೆದರಾಯಿತು ಅಂದುಕೊಂಡಳು, ಆಮೇಲೆ ಬಾಣಂತನ, ಆಮೇಲೆ ಮಾವನ ಕಾಯಿಲೆ, ಆಮೇಲೆ ಬರೆಯುವುದು ಅನ್ನುವ ಮಾತೇ ಮನಸ್ಸಿಗೆ ಬರುವುದು ನಿಂತುಹೋಯಿತು. ಅಪರಾಧಿ ಯಾರು ಅಂತ ಹುಡುಕಿದರೆ ಮನೆಯಲ್ಲಿ ತಾನೊಬ್ಬಳೇ ಸಿಗುತ್ತಿದ್ದಳು.

ಅಜ್ಜಿಯ ಚಿತ್ರ ಪಾಸಾಯಿತು. ಕಸ್ತೂರಿಯ ಅಪ್ಪನ ತಾಯಿ ಗಿಡ್ಡಮ್ಮ, ಊರಿಗೆಲ್ಲ ಗಿಡ್ಡಜ್ಜಿ, ಮೊರ ಹಿಡಿದು ಕೂತಿದ್ದಾಳೆ. ಬಾಯಲ್ಲಿ ಎಲೆಅಡಿಕೆ ಇದ್ದದ್ದರಿಂದ ತುಟಿ ಸ್ವಲ್ಪ ಮುಂದಕ್ಕೆ. "ಮೈ ತುಂಬ ಸೆರಗು ಹೊದ್ದಾಳೆ, ಲಕ್ಷಣವಾಗವ್ಳೆ, ಇರ್ಲಿ" ಅಂದರು ಅತ್ತೆ. ಕೊನೆಗೆ ಒಂದು ಕೈಯ ಚಿತ್ರ. ಬಲಗೈಯಲ್ಲಿ ಪೆನ್ಸಿಲು ಹಿಡಿದು ತನ್ನದೇ ಎಡಗೈಯನ್ನು ನೋಡಿ ಬರೆದದ್ದು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದು ಸೊಟ್ಟಗೆ ಕೂಡಿಕೊಂಡ ಕಿರುಬೆರಳು ಸೊಟ್ಟಗೇ ಬಂದಿತ್ತು. "ಬಳೆ ಹಾಕ್ಯಂಡಿರೋ ಕೈ, ಚೆನ್ನಾಗೈತೆ. ಇರ್ಲಿ" ಅಂದು ಅತ್ತೆ ಪುಸ್ತಕ ಮುಚ್ಚಿದರು. ಅವರ ಕಣ್ಣಿಗೆ ಬೆರಳು ಬೀಳಲಿಲ್ಲ. ಕಸ್ತೂರಿಯ ಕಣ್ಣಿಗೆ ಬಿತ್ತು. ಅತ್ತೆ, ಇದು ಬೇಡ, ನೋಡಿದವರಿಗೆ ತಿಳಿಯುತ್ತದೆ ಅನ್ನಬೇಕಿತ್ತು. ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಬಾಯಿ ಬಿಡಲಿಲ್ಲ.

ಕತ್ತರಿಸಿ ತೆಗೆದ ಹಾಳೆಗಳನ್ನು, "ಬಚ್ಚಲ ಒಲೆ ಹಚ್ಚಾಕೆ ಆಗ್ತವೆ, ಅಲ್ಲಿಡು" ಅಂದರು ಅತ್ತೆ. ಕಸ್ತೂರಿ ಅವನ್ನು ಬಚ್ಚಲಿಗೆ ಒಯ್ದು ಸೌದೆಯ ಹಿಂದೆ ಗೋಡೆಗೆ ಒರಗಿಸಿಟ್ಟಳು. ಜಗಳೂರಿನವರು ಹೋದ ಮೇಲೆ ಎತ್ತಿಟ್ಟುಕೊಂಡರಾಯಿತು. ಎಲ್ಲಿಡುವುದು, ಯಾಕಿಡುವುದು ಅಂತ ಯೋಚಿಸಲಿಲ್ಲ. ಬರುವಷ್ಟರಲ್ಲಿ ನಡುಮನೆಯಲ್ಲಿ ಹಾಲಮ್ಮ ರಬ್ಬರು ಹಿಡಿದು ಕೂತಿದ್ದಳು. ಪ್ರತಿ ಹಾಳೆಯ ಮೂಲೆಯಲ್ಲೂ ಕಸ್ತೂರಿ ಅಂತ ಪುಟ್ಟದಾಗಿ ಬರೆದಿತ್ತು, ಅದನ್ನು ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಮೂಗಿನ ತುದಿಯಲ್ಲಿ ಬೆವರು. ಹುಡುಗಿ ಕೆಟ್ಟವಳಲ್ಲ, ಕಸ್ತೂರಿಯ ಮದುವೆಯ ದಿನ ಲಂಗ ತೊಟ್ಟು ಅತ್ತಿಗೆಯ ಸೆರಗು ಹಿಡಿದೇ ಓಡಾಡಿದವಳು. "ಅತ್ತಿಗೆ, ನಿಮಗೆ ಬೇಜಾರಾತಾ?" ಅಂದಳು ತಲೆಯೆತ್ತದೆ. "ಬೇಜಾರೇನು ಬಿಡು." "ಹಂಗಾದ್ರೆ ನನ್ನ ಹೆಸರು ನೀವೇ ಬರೀರಿ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ನಿಮ್ಮದು ದುಂಡಗೈತೆ." ಪೆನ್ಸಿಲು ಕೈಗೆ ಬಂತು. ಗಂಡ ಲೆಕ್ಕ ಬರೆಯುವ ಪೆನ್ಸಿಲು, ಅರ್ಧ ಸವೆದದ್ದು. ಆ ಪುಸ್ತಕದ ಮೇಲೆ ಮತ್ತೆ ಪೆನ್ಸಿಲು ಇಡುವ ದಿನ ಬಂದರೆ ಹೀಗೆ ಬರಬೇಕೇ ಶಿವನೇ! ಗಿಡ್ಡಜ್ಜಿಯ ಮೊರದ ಕೆಳಗೆ, ಹೊಂಡದ ಮೆಟ್ಟಿಲ ಪಕ್ಕದಲ್ಲಿ, ತನ್ನದೇ ಮುಂಗೈಯ ಹತ್ತಿರ, ಕಸ್ತೂರಿ ದುಂಡಗೆ, ಅಂದವಾಗಿ, ಹಾಲಮ್ಮ ಹಾಲಮ್ಮ ಹಾಲಮ್ಮ ಅಂತ ಬರೆಯುತ್ತ ಹೋದಳು. ಕೈ ಒಂದು ಸಲವೂ ನಡುಗಲಿಲ್ಲ. ನಡುಗಿದ್ದರೆ ಅವಳಿಗೇ ಸಮಾಧಾನವಾಗುತ್ತಿತ್ತು.

ಅವಲಕ್ಕಿಗೆ ಒಗ್ಗರಣೆ ಹಾಕುತ್ತಿರುವಾಗ ಬಚ್ಚಲಿನಿಂದ ಗಂಡ ತಲೆ ಒರೆಸಿಕೊಳ್ಳುತ್ತ ಬಂದ. "ನೀನು ಕೆಲಸದಾಗಿದ್ದೆ ಅಂತ ಒಲೆ ನಾನೇ ಹಚ್ಚಿದೆ ನೋಡು. ನೀರು ಇವತ್ತು ಬೇಗ ಕಾಯ್ತು" ಅಂದ, ಹೊಗಳಿಕೆಗೆ ಕಾಯುವವನ ಹಾಗೆ. ಕಸ್ತೂರಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಸೌದೆ ಹಿಂದೆ ಕಾಗದ ಇದ್ವಲ್ರಿ..." "ಹೂಂ, ದಪ್ಪ ಕಾಗದ, ಬೆಂಕಿ ಚೆನ್ನಾಗಿ ಹತ್ಕಂತು." ಅವನು ಅಂಗಿ ಹುಡುಕಿಕೊಂಡು ಹೋದ. ಸಾಸಿವೆ ಸೀದ ವಾಸನೆ ಬಂದ ಮೇಲೆ ಕಸ್ತೂರಿ ಬಾಣಲೆ ಇಳಿಸಿದಳು. ಬಚ್ಚಲಿಗೆ ಹೋಗಿ ನೋಡಲಿಲ್ಲ. ಏನನ್ನು ನೋಡುವುದು? ಮೊದಲು ಹತ್ತಿಕೊಂಡದ್ದು ಯಾವುದಿರಬಹುದು, ಚಿಲಕವೋ, ಕರುವೋ, ಬೆಸ್ತನ ಬೆನ್ನಿನ ಗೆರೆಯೋ ಅಂತ ಒಂದು ಹುಚ್ಚು ಯೋಚನೆ ಬಂತು. ಅಳು ಬರಲಿಲ್ಲ, ಈರುಳ್ಳಿ ಮುಗಿದಿತ್ತು. ಗಂಡ ಬೇಕೆಂದು ಮಾಡಲಿಲ್ಲ ಅನ್ನುವುದೇ ಅವಳಿಗೆ ತಡೆಯಲಾಗದ್ದಾಗಿತ್ತು. ಈ ಮನೆಯಲ್ಲಿ ಯಾರೂ ಯಾವುದನ್ನೂ ಬೇಕೆಂದು ಮಾಡುವುದಿಲ್ಲ. ಅವಳು ಮತ್ತೆ ಹೊಸ ಎಣ್ಣೆ ಹಾಕಿ ಸಾಸಿವೆ ಸಿಡಿಸಿದಳು.

ಜಗಳೂರಿನವರು ಮೂವರು ಬಂದರು. ಹುಡುಗ ರುದ್ರಸ್ವಾಮಿ ಅಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತ, ಟೆರಿಲಿನ್ ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಜೊತೆಗೆ ಮಾತಾಡದ ಒಬ್ಬ ಚಿಕ್ಕಪ್ಪ, ಅವನ ಪಾಲಿನ ಮಾತನ್ನೂ ಆಡುವ ಸೋದರತ್ತೆ ತಿಪ್ಪಮ್ಮ. ಕಸ್ತೂರಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಒಂದು ಕಾಲಕ್ಕೆ ಅಪ್ಪನ ಮನೆಯಲ್ಲೂ ಹೀಗೇ ನಿಂತಿದ್ದಳು, ಇದೇ ಪುಸ್ತಕ ತೆರೆದಿತ್ತು, ಇದೇ ಗಿಳಿಗೆ ಆಹಾ ಅಂದಿದ್ದರು. ಈಗಲೂ ತಿಪ್ಪಮ್ಮ ಗಿಳಿಗೆ ಆಹಾ ಅಂದರು, ದ್ರಾಕ್ಷಿಗೆ ಬಾಯಲ್ಲಿ ನೀರೂರಿತು ಅಂದರು. ಆಮೇಲೆ, "ಈ ಮುದುಕಿ ಯಾರವ್ವ?" ಅಂತ ಕೇಳಿದರು. ಹಾಲಮ್ಮ ಅವ್ವನ ಮುಖ ನೋಡಿದಳು. ಕಸ್ತೂರಿ ಮೈಯೆಲ್ಲ ಕಿವಿಯಾಗಿ ನಿಂತಳು. ಪಕ್ಕದ ಮನೆಯವಳು ಅನ್ನು, ದಾರಿಯಲ್ಲಿ ಕಂಡವಳು ಅನ್ನು. "ನಮ್ಮಜ್ಜಿ" ಅಂದಳು ಹಾಲಮ್ಮ. ಸಿದ್ದಲಿಂಗಮ್ಮ ತಕ್ಷಣ ದನಿಗೂಡಿಸಿದರು. "ಹೂಂ ಕಣ್ರಿ, ನಮ್ಮವ್ವ. ಸಾಯಾವರೆಗೂ ಹಿಂಗೇ ಮೊರ ಹಿಡ್ಕಂಡೇ ಕುಂತಿದ್ಲು. ಒಂದಿನ ಮಲಗಲಿಲ್ಲ, ಒಬ್ಬರ ಕೈಲಿ ಒಂದು ಲೋಟ ನೀರು ಕೇಳಲಿಲ್ಲ..." ಅವರ ದನಿ ಗದ್ಗದವಾಯಿತು. ಸುಳ್ಳಿನ ಗದ್ಗದವಲ್ಲ. ಕಸ್ತೂರಿ ಸಂದಿಯಿಂದ ನೋಡಿದಳು, ಅತ್ತೆ ನಿಜವಾಗಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎಂದೋ ತೀರಿಹೋದ ತಮ್ಮ ತಾಯಿಗಾಗಿ, ಗಿಡ್ಡಜ್ಜಿಯ ಮುಖ ನೋಡಿಕೊಂಡು, ಅಳುತ್ತಿದ್ದರು. ಪುಸ್ತಕ ಹೋದರೆ ಹೋಗಲಿ ಅಂದುಕೊಂಡಿದ್ದ ಕಸ್ತೂರಿಗೆ ಅಜ್ಜಿಯನ್ನು ಕಿತ್ತುಕೊಂಡದ್ದು ಎದೆಗೆ ನಾಟಿತು. ನನ್ನಜ್ಜಿ, ನನ್ನಜ್ಜಿ ಅಂತ ತುಟಿ ಕಚ್ಚಿ ಬಾಗಿಲ ಮರೆಯಲ್ಲಿ ಗೋಡೆಗೆ ಹೇಳಿಕೊಂಡಳು. ಆದರೆ ಆ ಕಣ್ಣೀರಿನ ಮುಂದೆ ಯಾವ ಬಾಯಲ್ಲಿ ಹೋಗಿ ಜಗಳವಾಡುವುದು?

ಅಷ್ಟರಲ್ಲಿ ತಿಪ್ಪಮ್ಮನಿಗೆ ಮೆಣಸಿನಕಾಯಿ ಬಜ್ಜಿಯ ಖಾರ ನೆತ್ತಿಗೇರಿ ಕೆಮ್ಮು ಹತ್ತಿಕೊಂಡಿತು. ಮುಖ ಕೆಂಪಾಯಿತು, ಉಸಿರು ಕಟ್ಟಿತು. "ಕಸ್ತೂರೀ, ನೀರು ತಾರೇ!" ಅಂತ ಅತ್ತೆ ಕೂಗಿದರು, ಒಳಗೇ ಇರು ಅಂದದ್ದನ್ನು ಮರೆತು. ಕಸ್ತೂರಿ ತಲೆಯ ಮೇಲೆ ಸೆರಗೆಳೆದುಕೊಂಡು ಬಲಗೈಯಲ್ಲಿ ಲೋಟ, ಎಡಗೈಯಲ್ಲಿ ಚೊಂಬು ಹಿಡಿದು ಓಡಿ ಬಂದಳು. ತಿಪ್ಪಮ್ಮ ನೀರು ಕುಡಿದರು, ಇನ್ನೊಂದು ಲೋಟ ಕೇಳಿದರು. ಬಗ್ಗಿ ನೀರು ಹಾಕುವಾಗ ಪಕ್ಕದಲ್ಲಿ ಹುಡುಗನ ತೊಡೆಯ ಮೇಲೆ ಪುಸ್ತಕ ತೆರೆದಿರುವುದು ಕಂಡಿತು. ಕೈಯ ಚಿತ್ರದ ಹಾಳೆಯೇ. ಕಸ್ತೂರಿಯ ಎಡಗೈ ಚೊಂಬಿನ ಕುತ್ತಿಗೆ ಹಿಡಿದು ಆ ಹಾಳೆಯ ಮೇಲೆಯೇ ಇತ್ತು, ಕಿರುಬೆರಳು ಸೊಟ್ಟಗೆ ಹೊರಗೆ ನಿಂತಿತ್ತು. ರುದ್ರಸ್ವಾಮಿ ಬೆರಳು ನೋಡಿದ. ಹಾಳೆ ನೋಡಿದ. ಮತ್ತೆ ಬೆರಳು ನೋಡಿ, ತಲೆಯೆತ್ತಿ ಅವಳ ಮುಖ ನೋಡಿದ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕು, ಈಗಲೇ, ಈ ಕ್ಷಣವೇ. ಕೈ ಬರಲಿಲ್ಲ. ಬೇಕೆಂದೇ ಈ ಹಾಳೆ ಬಿಟ್ಟೆಯಾ ಅಂತ ಒಳಗೆ ಯಾರೋ ಕೇಳಿದರು. ಹೌದು, ಬೇಕೆಂದೇ ಬಿಟ್ಟೆ. ಕೇಳಪ್ಪಾ ಪುಣ್ಯಾತ್ಮ, ಇದನ್ನು ಬರೆದವಳು ನೀನೇನಾ ಅಂತ ಒಂದು ಮಾತು ಕೇಳು. ಮದುವೆ ಮುರಿಯಲಿ, ಮನೆ ಮುರಿಯಲಿ, ಊರೆಲ್ಲ ಉಗಿಯಲಿ, ಒಂದೇ ಒಂದು ಸಲ ಕೇಳು.

ಅವನಿಗೆ ಗೊತ್ತಾಗಿತ್ತು. ತುಟಿಯ ಅಂಚಿನಲ್ಲಿ ಸಣ್ಣ ನಗೆ ಬಂದು ಹೋಯಿತು, ಸಂತೆಯಲ್ಲಿ ಅಂಗಡಿಯವನು ಒಳ್ಳೆಯ ಟೊಮೇಟೋಗಳನ್ನು ಮೇಲೆ ಜೋಡಿಸಿಟ್ಟದ್ದನ್ನು ಕಂಡವನ ನಗೆ. ಅದರಲ್ಲಿ ಕೋಪವಿರಲಿಲ್ಲ, ಮರುಕವೂ ಇರಲಿಲ್ಲ. ಅವನು ಹಾಳೆ ಮಗುಚಿ, ಬಸವರಾಜಪ್ಪನ ಕಡೆ ತಿರುಗಿ, "ವಾಪಸ್ ಹೋಗಾಕೆ ಬಸ್ಸು ಎಷ್ಟೊತ್ತಿಗೈತ್ರಿ?" ಅಂತ ಕೇಳಿದ. ಚೊಂಬಿನಿಂದ ಒಂದಿಷ್ಟು ನೀರು ಜಮಖಾನದ ಮೇಲೆ ಚೆಲ್ಲಿತು. "ನೋಡ್ಕಂಡು ಹಾಕವ್ವ" ಅಂದರು ಅತ್ತೆ.

ಹುಡುಗಿ ಒಪ್ಪಿಗೆಯಾದಳು. ಎದ್ದು ಹೊರಡುವಾಗ ತಿಪ್ಪಮ್ಮ ಪುಸ್ತಕವನ್ನು ಎತ್ತಿಕೊಂಡು, "ಇದನ್ನ ನಾವು ತಗಂಡು ಹೋಗ್ತೀವ್ರಿ. ನಮ್ಮ ಓಣಿಯೋರಿಗೆಲ್ಲ ತೋರಿಸ್ಬೇಕು, ನಮ್ಮನೆಗೆ ಬರೋ ಸೊಸೆ ಎಂಥಾ ಜಾಣೆ ಅಂತ" ಅಂದರು. "ಧಾರಾಳವಾಗಿ ತಗಂಡು ಹೋಗ್ರಿ, ಇನ್ನು ನಿಮ್ಮದೇ ಅಲ್ವಾ" ಅಂದರು ಸಿದ್ದಲಿಂಗಮ್ಮ. ಬಸವರಾಜಪ್ಪ ಒಂದು ಸಲ ಹೆಂಡತಿ ನಿಂತಿದ್ದ ಬಾಗಿಲ ಕಡೆ ನೋಡಿ, ಏನೋ ನೆನಪಾದವನಂತೆ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡ. ಕಿಟಕಿಯಿಂದ ಕಸ್ತೂರಿಗೆ ಕಂಡಿತು: ತಿಪ್ಪಮ್ಮನ ವೈರಿನ ಚೀಲದಲ್ಲಿ ತೆಂಗಿನಕಾಯಿಗೂ ಬಾಳೆಹಣ್ಣಿಗೂ ನಡುವೆ ಸಿಕ್ಕಿಕೊಂಡ ಕಂದು ರಟ್ಟು. ಗಿಡ್ಡಜ್ಜಿ ಜೀವಮಾನದಲ್ಲಿ ಚನ್ನಗಿರಿ ದಾಟಿದವಳಲ್ಲ. ಬಸ್ಸು ಹತ್ತಿದರೆ ವಾಂತಿಯಾಗುತ್ತದೆ ಅಂತ ಸಂತೇಬೆನ್ನೂರು ಸಂತೆಗೂ ನಡೆದೇ ಹೋಗುತ್ತಿದ್ದಳು. ಈಗ ಜಗಳೂರಿಗೆ ಹೊರಟಳು, ಕಂಡರಿಯದವರ ಓಣಿಗೆ, ಕಂಡರಿಯದವರ ಅಜ್ಜಿಯಾಗಿ. ಚೀಲ ಬೀದಿಯ ತಿರುವು ದಾಟುವವರೆಗೂ ಕಸ್ತೂರಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಮಗ ಶಾಲೆಯಿಂದ ಬಂದು ಅವಲಕ್ಕಿ ಕೇಳಿದಾಗ ಸರಳು ಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಹಾಲಮ್ಮ ಅಡುಗೆಮನೆಗೆ ಬಂದಳು. ಎಲ್ಲರೂ ಸಂತೋಷದಲ್ಲಿದ್ದರು, ಅವಳೊಬ್ಬಳ ಮುಖ ಸಪ್ಪಗಿತ್ತು. ಕೈಯಲ್ಲಿ ಅಣ್ಣನ ಪೆನ್ಸಿಲು, ಹಳೆಯ ಕ್ಯಾಲೆಂಡರಿನ ಹರಿದ ಹಾಳೆ. "ಅತ್ತಿಗೆ, ನಂಗೆ ಹೆದರಿಕೆ ಆಗ್ತೈತೆ. ಅಲ್ಲಿಗೆ ಹೋದಮೇಲೆ ಬರಿ ಅಂದ್ರೆ ಏನು ಮಾಡ್ಲಿ? ಮದುವೆಯೊಳಗೆ ಒಂದು ಗಿಳಿನಾದ್ರೂ ಕಲಿಸಿಕೊಡ್ರಿ, ನಿಮ್ಮ ದಮ್ಮಯ್ಯ." ಕಸ್ತೂರಿ ಪೆನ್ಸಿಲು ತೆಗೆದುಕೊಂಡಳು. ಹಾಳೆಯ ಬಿಳಿಯ ಬೆನ್ನನ್ನು ಮೊಣಕಾಲ ಮೇಲೆ ಹಾಸಿಕೊಂಡಳು. ಚಿಲಕ ಬರೆಯೋಣ ಅನ್ನಿಸಿತು. ತುದಿಗೆ ತುಕ್ಕು, ನಡುವೆ ಹೊಳಪು. ಹಿತ್ತಲ ಬಾಗಿಲ ಚಿಲಕವನ್ನು ಕಣ್ಣಮುಂದೆ ತಂದುಕೊಳ್ಳಲು ಹೋದಳು, ಬೆಳಿಗ್ಗೆ ನೋಡಿದ ಹಿತ್ತಾಳೆ ಚಿಲಕ ಬಂತು. ಗಿಡ್ಡಜ್ಜಿಯನ್ನು ನೆನೆದಳು, ಅತ್ತೆ ಕಣ್ಣೊರೆಸಿಕೊಂಡದ್ದು ಬಂತು. ಕೈ ಹಾಳೆಯ ಮೇಲೆ ಇಳಿದು, ಯಾರ ಅಪ್ಪಣೆಯೂ ಇಲ್ಲದೆ, ಒಂದು ಸೊಂಪಾದ ಬಾಗು ಎಳೆಯಿತು. ಕ್ಯಾಲೆಂಡರಿನ ಗಿಳಿಯ ಕೊಕ್ಕು. ಕಸ್ತೂರಿ ಪೆನ್ಸಿಲು ಎತ್ತಿದಳು.

"ಯಾರೂ ಕೇಳಲ್ಲ ಬಿಡೇ" ಅಂದಳು.

"ಕೇಳಿದ್ರೆ?"

"ಈ ಮನೆಗೆ ಬರುವಾಗ ನಂಗೂ ನಿನ್ನಂಗೇ ಹೆದರಿಕೆ ಇತ್ತು. ಹೋದೋರು ಬಂದೋರ ಮುಂದೆಲ್ಲ ಬರಿ ಬರಿ ಅಂತಾರೇನೋ, ಚೆನ್ನಾಗಿ ಬರದಿದ್ರೆ ನಗ್ತಾರೇನೋ ಅಂತ. ನಿಮ್ಮವ್ವ, ನಿಮ್ಮಣ್ಣ ನನ್ನ ಒಪ್ಪಿದ್ದು ಆ ಪುಸ್ತಕ ನೋಡೇ ಅಲ್ವಾ? ನೀನೇ ನೆನಪು ಮಾಡ್ಕ. ನಾನು ಬಂದಾಗಿಂದ ಒಂದಿನ, ಒಬ್ಬರಾದ್ರೂ, ಬರಿ ಅಂತ ಕೇಳಿದ್ರಾ?"

ಹಾಲಮ್ಮ ಪ್ರಾಮಾಣಿಕವಾಗಿ ಯೋಚಿಸಿದಳು. ಹುಬ್ಬು ಗಂಟಿಕ್ಕಿ, ಬಸವ ಜಯಂತಿ, ಗೌರಿ ಹಬ್ಬ, ಅವ್ವ, ಅಣ್ಣ, ತೀರಿಹೋದ ಅಪ್ಪ, ಬಂದು ಹೋದ ನೆಂಟರು, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೆನೆಯುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಕಸ್ತೂರಿ ಕಾದಳು. ಹುಡುಗಿಗೆ ಒಂದೇ ಒಂದು ದಿನ ನೆನಪಾಗಲಿ ಅಂತ, ನಾಚಿಕೆ ಬಿಟ್ಟು, ಕಾದಳು.

"ಇಲ್ಲ ಅತ್ತಿಗೆ!" ಹಾಲಮ್ಮನ ಮುಖ ಅರಳಿತು. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಭಯವೆಲ್ಲ ಇಳಿದುಹೋಗಿ ಗಟ್ಟಿಯಾಗಿ ನಕ್ಕಳು. "ಅಯ್ಯೋ, ಹೌದಲ್ಲ! ಯಾರೂ ಕೇಳೇ ಇಲ್ಲ!" ಅತ್ತಿಗೆಯ ಕುತ್ತಿಗೆಗೆ ಜೋತುಬಿದ್ದು, ಅವಳ ಗಲ್ಲ ಹಿಂಡಿ, "ಅವ್ವಾ, ಅಲ್ಲಿ ಯಾರೂ ಕೇಳಲ್ವಂತೆ!" ಅಂತ ಕೂಗುತ್ತ ನಡುಮನೆಗೆ ಓಡಿದಳು. ಅಲ್ಲಿಂದ ತಾಯಿ ಮಗಳ ನಗು ಕೇಳಿಸಿತು. ಕಸ್ತೂರಿ ಒಲೆಗೆ ಇನ್ನೊಂದು ಸೌದೆ ಒಟ್ಟಿ, ಎದ್ದು ಹೋಗಿ, ಗೂಟಕ್ಕೆ ನೇತುಹಾಕಿದ್ದ ಗಂಡನ ಅಂಗಿಯ ಜೇಬಿಗೆ ಪೆನ್ಸಿಲು ಹಾಕಿದಳು.